ಕಪ್ಪು ಪರದೆಯ ಮೇಲೊಂದು ಬೊಟ್ಟು

ತೀರಿಕೊಂಡ ನಮ್ಮತ್ತೆಯ ಫೋನನ್ನು ಕೊಪ್ಪದ ಮೊಬೈಲ್ ಅಂಗಡಿಯವ ಕಂಪ್ಯೂಟರಿಗೆ ಸಿಕ್ಕಿಸಿದರೆ, ತೆರೆದ ಫೋಲ್ಡರ್ ಖಾಲಿ! ಫೋನಿನೊಳಗೆ ಅತ್ತೆಯೇ ಹಾಡಿಟ್ಟಿದ್ದ, ಮದುಮಗಳನ್ನು ಹಸೆಗೆ ಕರೆಯುವ ಹಾಡುಗಳಿದ್ದವು. ಮಗಳ ಮದುವೆ ನಾಡಿದ್ದು. ಫೋನು ನನ್ನ ಕೈಜಾರಿ ಬಿದ್ದು ಪರದೆ ಪೂರ್ತಿ ಕಪ್ಪಾಗಿತ್ತು. ಹೊಸ ಸ್ಕ್ರೀನ್ ಬರಲು ವಾರ ಬೇಕಂತೆ.

"ಫೋನಿನಲ್ಲಿ 'ಅನುಮತಿಸಿ' ಅಂತ ಒಂದು ಬಟನ್ ಬರ್ತದೆ ಅಕ್ಕ. ಅದನ್ನ ಒತ್ತಿದ್ರೆ ಮಾತ್ರ ಕಂಪ್ಯೂಟರಲ್ಲಿ ಫೈಲ್ ಕಾಣೋದು. ಟಚ್ ಏನೋ ಕೆಲಸ ಮಾಡ್ತಿದೆ, ಬಟನ್ ಎಲ್ಲಿದೆ ಅಂತ ಕಾಣಬೇಕಲ್ಲ?" ಎಂದ ಅಂಗಡಿಯವ.

"ಎಂತಾದ್ರೂ ಮಾಡು ಮಾರಾಯ" ಎಂದೆ.

ಚಾರ್ಜರ್ ಕೊಂಡು ಎನ್.ಆರ್. ಪುರದ ಬಸ್ಸಿಗೆ ಹೊರಟಿದ್ದ, ಬುರ್ಖಾ ತೊಟ್ಟ ಹೆಂಗಸೊಬ್ಬರು ತಿರುಗಿ ನಿಂತರು. "ನಂದೂ ಇದೇ ಫೋನು. ಮೊದಲು ಇದನ್ನ ಸಿಕ್ಕಿಸಿ ನೋಡಿ" ಎಂದರು. ಸಿಕ್ಕಿಸಿದಾಗ ಅವರ ಪರದೆಯಲ್ಲಿ ಬಟನ್ ಬಂತು. ಎರಡೂ ಫೋನನ್ನು ಅಕ್ಕಪಕ್ಕ ಇಟ್ಟು, ನನ್ನ ಹಣೆ ನೋಡಿದರು. "ಅಕ್ಕ, ನಿಮ್ಮ ಬೊಟ್ಟು ಕೊಡಿ."

ತೆಗೆದು ಕೊಟ್ಟೆ. ನಮ್ಮ ಫೋನಿನಲ್ಲಿ ಆ ಬಟನ್ ಬರುವ ಜಾಗದ ಪಕ್ಕಕ್ಕೆ ಅಂಟಿಸಿ, ಮತ್ತೆ ಸಿಕ್ಕಿಸಿ, ಬೊಟ್ಟಿನ ಅಂಚಿಗೆ ಬೆರಳಿಟ್ಟರು. ಫೋಲ್ಡರ್ ತುಂಬಿಕೊಂಡಿತು. ಅಂಗಡಿಯವ ಹಾಕಿದ ಮೊದಲ ಹಾಡು ಮುಗಿಯುವವರೆಗೂ ಅವರು ಕದಲಲಿಲ್ಲ. ಬಸ್ ಹೋಗಿಯೇ ಬಿಟ್ಟಿತ್ತು.

ಮಗಳು ಅಜ್ಜಿಯ ಹಾಡಿಗೇ ಹಸೆಗೆ ಬಂದಳು. ಮೊನ್ನೆ ಅಂಗಡಿಯವ ಹೊಸ ಸ್ಕ್ರೀನ್ ಬಂದಿದೆ ಎಂದು ಫೋನ್ ಮಾಡಿದ್ದ. ಬೇಡ ಮಾರಾಯ ಎಂದೆ. ಹಾಕಿಸಿದರೆ ಆ ಬೊಟ್ಟು ಹೋಗಿಬಿಡುತ್ತದೆ.