ಅಜ್ಜಿಯ ತಲೆ ಮೇಲಿನ ಟಿಟ್ಟಿಭ

ಗೆಳೆಯರೆ, ಇವತ್ತು ಮರಳಿ ಊರಿನ ಗದ್ದೆಯಲ್ಲಿ ಬೂದು ತಲೆಯ ಟಿಟ್ಟಿಭ ಕಂಡೆ. ನಮ್ಮ ಕಡೆ ಅಪರೂಪದ ಹಕ್ಕಿ. ಫೋಟೋ ಇಲ್ಲದಿದ್ದರೆ ಪಕ್ಷಿವೀಕ್ಷಕರ ಗುಂಪಿನಲ್ಲಿ ಯಾರೂ ನಂಬುವುದಿಲ್ಲ. ಕ್ಯಾಮೆರಾ ಎತ್ತಿದೆ. ಭತ್ತ ನಾಟಿ ಮಾಡುತ್ತಿದ್ದ ಅಜ್ಜಿಯೊಬ್ಬರು ಸೆರಗು ಸರಿಮಾಡಿಕೊಂಡು ಎದುರಿಗೇ ನಿಂತುಬಿಟ್ಟರು.

"ನಂದೊಂದು ಫೋಟೋ ತಗೀರಿ."

"ಯವ್ವಾ, ಸ್ವಲ್ಪ ಬಾಜೂಕ ಸರೀರಿ, ಹಿಂದ ಹಕ್ಕಿ ಐತಿ."

"ಹಕ್ಕಿ ದಿನಾ ಬರತಾವ. ನೀವು ದಿನಾ ಬರ್ತೀರೇನು?"

ಹಲ್ಲು ಕಚ್ಚಿಕೊಂಡು ಒಂದು ತೆಗೆದೆ. ಹಕ್ಕಿ ಹಾರಿಹೋಯಿತು.

ಮನೆಗೆ ಬಂದು ನೋಡಿದರೆ, ಅದೇ ಫೋಟೋದಲ್ಲಿ ಅಜ್ಜಿಯ ತಲೆ ಮೇಲೆ ರೆಕ್ಕೆ ಬಿಚ್ಚಿದ ಟಿಟ್ಟಿಭ! ಬೂದು ತಲೆ, ಹಳದಿ ಕೊಕ್ಕು, ಎಲ್ಲವೂ ಸ್ಪಷ್ಟ. ಗುಂಪಿನವರು ಒಪ್ಪಿದರು. ಅಜ್ಜಿ ಕೊಟ್ಟಿದ್ದ ನಂಬರಿಗೂ ಕಳಿಸಿದೆ. ಈಗಷ್ಟೇ ಅವರ ಫೋನ್ ಬಂತು.

"ಫೋಟೋ ಭಾಳ ಛಲೋ ಬಂದೈತ್ರಿ. ಗೋಡಿಗಿ ಹಾಕೋದೈತಿ, ತಲಿ ಮ್ಯಾಲಿನ ಆ ಹಕ್ಕಿ ಒಂದು ಅಳಿಸಿ ಕಳಸ್ರಿ."