ಬ್ರೇಕ್ ಒತ್ತುವ ಕಾಲು

ನನ್ನ ಅಕ್ಕ ಸಿಟಿ ಬಸ್ಸಿನ ಡ್ರೈವರು. ಇಪ್ಪತ್ತೆರಡು ವರ್ಷಗಳಿಂದ ಒಂದೇ ಮಾರ್ಗ: ರೈಲು ನಿಲ್ದಾಣದಿಂದ ನೀರಿನ ಟ್ಯಾಂಕಿನವರೆಗೆ, ಹನ್ನೊಂದು ಕಿಲೋಮೀಟರಿಗೆ ಮೂವತ್ತೆಂಟು ಸ್ಟಾಪು. ಲೆಕ್ಕ ಹಾಕಿದರೆ ಸುಮಾರು ಮುನ್ನೂರು ಮೀಟರಿಗೊಮ್ಮೆ ನಿಲ್ಲಿಸಬೇಕು. ಗೇರು ತಾನಾಗಿ ಬದಲಾಗುವ ಬಸ್ಸು ಅದು. ಓಡಿಸುವುದೂ ನಿಲ್ಲಿಸುವುದೂ ಬಲಗಾಲಿನ ಕೆಲಸ. “ನನ್ನ ಎಡಗಾಲಿಗೆ ಸುಮ್ಮನೆ ಸಂಬಳ ಬರ್ತಿದೆ” ಎಂದು ಅವಳೇ ನಗುತ್ತಾಳೆ.

ಟ್ಯಾಂಕಿನ ಎದುರು ಒಂದು ಹಳೆಯ ಗೋದಾಮಿತ್ತು. ಅದರೊಳಗೆ ಯಂತ್ರದಿಂದ ಹಿಮ ಮಾಡಿ, ಎಪ್ಪತ್ತು ಮೀಟರಿನ ಇಳಿಜಾರು ಕಟ್ಟಿ, ಸ್ನೋಬೋರ್ಡ್ ಕಲಿಸತೊಡಗಿದರು. ಟ್ರಿಪ್ಪುಗಳ ನಡುವಿನ ಇಪ್ಪತ್ತು ನಿಮಿಷ ಅಕ್ಕ ಅದರ ಗಾಜಿಗೆ ಹಣೆ ಹಚ್ಚಿ ನಿಲ್ಲುತ್ತಿದ್ದಳು. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಜನ ಸದ್ದಿಲ್ಲದೆ ಜಾರಿ ಹೋಗುವುದು ನೀರಿನೊಳಗಿನ ಮೀನುಗಳನ್ನು ನೋಡಿದ ಹಾಗಿತ್ತಂತೆ.

“ಒಂದೇ ಒಂದು ಸಲ, ಈ ತುದಿಯಿಂದ ಆ ತುದಿಗೆ ಎಲ್ಲೂ ನಿಲ್ಲದೆ ಹೋಗಬೇಕು” ಅಂದಳು ಒಂದು ದಿನ ಊಟದ ಹೊತ್ತಿಗೆ.

“ಅದಕ್ಕೆ ರೈಲಿದೆಯಲ್ಲ” ಅಂದರು ಭಾವ.

ಅವಳಿಗೆ ನಲವತ್ತಾರು. ಏಳು ತಿಂಗಳು ಪ್ರತಿ ಭಾನುವಾರ ಗೋದಾಮಿಗೆ ಹೋದಳು. ಮೊದಲ ತಿಂಗಳು ಸೀಟಿನ ಮೇಲೆ ದಿಂಬಿಟ್ಟುಕೊಂಡು ಬಸ್ಸು ಓಡಿಸಿದಳು. ಕೊನೆಗೆ ಎಪ್ಪತ್ತು ಮೀಟರ್ ಬೀಳದೆ ಇಳಿಯುವುದು ಬಂತು. ಆದರೆ ಎಪ್ಪತ್ತು ಮೀಟರ್ ಅಂದರೆ ಒಂದು ಸ್ಟಾಪಿನಷ್ಟೂ ಆಗಲಿಲ್ಲವಲ್ಲ. ಕೂಡಿಟ್ಟ ರಜೆಯಲ್ಲಿ ಆರು ದಿನ ಬರೆಸಿ, ನಿಜವಾದ ಬೆಟ್ಟವಿರುವ ದೂರದ ದೇಶವೊಂದಕ್ಕೆ ಟಿಕೆಟ್ ಮಾಡಿಸಿದಳು. ಮೂಳೆ ಮುರಿದರೆ ಎತ್ತಿಕೊಂಡು ಬರಲು ಒಬ್ಬರು ಬೇಕೆಂದು ಭಾವ ನನ್ನನ್ನು ಜೊತೆಗೆ ಕಳಿಸಿದರು. ನಾನು ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುವವನು, ನನಗೂ ರಜೆಯಿತ್ತು.

ಆ ಬೆಟ್ಟದಲ್ಲಿ ಹಿಮ ಎಲ್ಲಿ ಮುಗಿದು ಮೋಡ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ತಂತಿಗೆ ತೂಗಿದ ಕುರ್ಚಿಗಳು ಜನರನ್ನು ಕೂರಿಸಿಕೊಂಡು ಬಿಳುಪಿನೊಳಗೆ ಕರಗಿ, ಖಾಲಿಯಾಗಿ ಮರಳುತ್ತಿದ್ದವು. ಹೊಸಬರಿಗೆಂದು ಬಿಟ್ಟ ಇಳಿಜಾರೇ ಒಂದೂಮುಕ್ಕಾಲು ಕಿಲೋಮೀಟರ್. ಕಲಿಸಲು ಬಿಳಿ ಮೀಸೆಯ ಒಬ್ಬ ಮೇಷ್ಟ್ರಿದ್ದರು.

ಮೊದಲ ಮೂರು ದಿನದಲ್ಲಿ ಅಕ್ಕ ನಲವತ್ತೊಂದು ಸಲ ಬಿದ್ದಳು. ನಾನು ಕೆಳಗಿನ ಕಟಕಟೆಗೆ ಒರಗಿ, ಮೋಡ ಸರಿದಾಗೆಲ್ಲ ನೋಡಿ ಬರೆದಿಟ್ಟ ಸಂಖ್ಯೆ ಇದು; ಕಾಣದ್ದು ಬೇರೆ. ಪ್ರತಿ ಸಲವೂ ಒಂದೇ ರೀತಿ. ಚೆನ್ನಾಗಿ ಬರುತ್ತಾಳೆ, ಸ್ವಲ್ಪ ವೇಗ ಹೆಚ್ಚಿ ಹೆದರುತ್ತಾಳೆ, ಹೆದರಿದೊಡನೆ ಹಲಗೆ ಬಾಣದಂತೆ ನೆಟ್ಟಗೆ ಓಡುತ್ತದೆ, ಅವಳು ಅಂಗಾತ ಬೀಳುತ್ತಾಳೆ.

“ಈ ಜಾಗವೇ ಸರಿಯಿಲ್ಲ” ಅಂದಳು ಕಿವಿಯೊಳಗಿನ ಹಿಮ ತೆಗೆಯುತ್ತ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.”

“ಲೋ, ನೆಲ ಡೊಂಕಾಗಿದೆ ಅಂತಲೇ ಅಲ್ವೇನೋ ದುಡ್ಡು ಕೊಟ್ಟು ಇಲ್ಲಿಗೆ ಬಂದಿರೋದು?”

ನನ್ನನ್ನು ನಗಿಸಿದಳು, ಆದರೆ ತಾನು ನಗಲಿಲ್ಲ. ಉಳಿದಿದ್ದು ಒಂದು ದಿನ. ಮತ್ತೆ ಇಷ್ಟು ರಜೆ ಸೇರಲು ಎಷ್ಟು ವರ್ಷವೋ.

ಆ ಸಂಜೆ ವಸತಿಗೃಹಕ್ಕೆ ಹಿಂದಿರುಗುವ ವ್ಯಾನಿನಲ್ಲಿ ಅಕ್ಕ ನನ್ನ ಪಕ್ಕ ತೂಕಡಿಸುತ್ತಿದ್ದಳು. ತಿರುವೊಂದರಲ್ಲಿ ವ್ಯಾನು ವಾಲಿತು. ಅವಳ ಕಣ್ಣು ತೆರೆಯಲಿಲ್ಲ, ಆದರೆ ಬಲಗಾಲಿನ ಬೂಟು ನೆಲವನ್ನು ಒತ್ತಿತು. ಮುಂದಿನ ತಿರುವಿನಲ್ಲೂ ಹಾಗೇ. ನಾಲ್ಕು ತಿರುವು ನೋಡಿ ಖಚಿತಪಡಿಸಿಕೊಂಡ ಮೇಲೆ ಅವಳನ್ನು ಎಬ್ಬಿಸಿದೆ.

“ಅಕ್ಕಾ, ನೀನು ಹಲಗೆ ಮೇಲೂ ಬ್ರೇಕ್ ಒತ್ತುತ್ತಿದ್ದೀಯ.”

ಹೇಳಿದೆ: ಎಡಗಾಲು ಮುಂದೆ, ಬಲಗಾಲು ಹಿಂದೆ ಇಟ್ಟು ನಿಲ್ಲುತ್ತೀಯ. ಹೆದರಿದಾಗ ಬಲಗಾಲು ಒತ್ತಿದರೆ ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ. ಹಲಗೆಯ ಮುಂದಿನ ಅಂಚು ಹಿಮ ಕಚ್ಚುವುದಿಲ್ಲ, ಕಚ್ಚದಿದ್ದರೆ ತಿರುಗುವುದಿಲ್ಲ, ತಿರುಗದಿದ್ದರೆ ವೇಗ ಏರುತ್ತಲೇ ಇರುತ್ತದೆ.

“ಅಂದ್ರೆ ನಾನು ಬ್ರೇಕ್ ಒತ್ತಿದಷ್ಟೂ ಅದು ಜೋರಾಗಿ ಓಡ್ತಿದೆ?”

“ಹೌದು. ನಾಳೆ ಒತ್ತಬೇಡ.”

“ನಿನ್ನ ತಲೆ. ಇಪ್ಪತ್ತೆರಡು ವರ್ಷದ ಕಾಲು ಒಂದು ರಾತ್ರೀಲಿ ಮಾತು ಕೇಳತ್ತಾ?” ಬಗ್ಗಿ ಬೂಟಿನ ತುದಿಯನ್ನೇ ನೋಡಿದಳು. ವ್ಯಾನು ನಿಂತ ಮೇಲೆ ಅಂದಳು: “ಕಾಲು ಹೇಗೂ ಒತ್ತತ್ತೆ. ಅದನ್ನೇ ಮುಂದಿಟ್ಟರೆ?”

ಬೆಳಿಗ್ಗೆ ಮೇಷ್ಟ್ರು ವಿಷಯ ಕೇಳಿ ಮೀಸೆ ತಿರುವಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಕ್ಕನಿಗೆ ಕನ್ನಡ ಮಾಡಿದೆ: “ಡ್ರೈವರು ಅಂತ ಮೊದಲೇ ಹೇಳೋದಲ್ವೇನಮ್ಮಾ? ನಾನು ಮೂರು ದಿನದಿಂದ ನಿಮಗೆ ಧೈರ್ಯ ಸಾಲದು ಅಂದುಕೊಂಡಿದ್ದೆ.” ಸ್ಕ್ರೂಡ್ರೈವರ್ ತಂದು ಹಲಗೆಗೆ ಕಾಲು ಬಿಗಿಯುವ ಪಟ್ಟಿಗಳ ಕೋನ ತಿರುಗಿಸಿಕೊಟ್ಟರು. ಬಲಗಾಲು ಮುಂದೆ.

ಕನ್ನಡಿಯಲ್ಲಿ ನೋಡಿ ಬರೆಯುವವಳಂತೆ ಅಕ್ಕ ಮಧ್ಯಾಹ್ನದವರೆಗೂ ಚಿಕ್ಕ ದಿಬ್ಬದ ಮೇಲೆ ತಡವರಿಸಿದಳು. ಒಂಬತ್ತು ಸಲ ಬಿದ್ದಳು, ಆದರೆ ಒಮ್ಮೆಯೂ ಹಲಗೆ ಕೈಬಿಟ್ಟು ಓಡಲಿಲ್ಲ. ಮೂರು ಗಂಟೆಗೆ ಕುರ್ಚಿಯೇರಿದಳು. ಮೂರೂವರೆಗೆ ಕುರ್ಚಿಗಳು ನಿಲ್ಲುತ್ತವೆ. ಎರಡನೆಯ ಅವಕಾಶ ಇರಲಿಲ್ಲ.

ನಾನು ಕೆಳಗೆ ಕಾದೆ. ಮೋಡ ಇಳಿದಿತ್ತು. ಬೆಟ್ಟವಿದ್ದ ಕಡೆ ಒದ್ದೆ ಹತ್ತಿಯಂಥದ್ದೇನೋ ಇತ್ತು. ಒಬ್ಬೊಬ್ಬರೇ ಅದರಿಂದ ಮೊದಲು ನೆರಳಾಗಿ, ಆಮೇಲೆ ಮನುಷ್ಯರಾಗಿ ಹೊರಬರುತ್ತಿದ್ದರು. ಅದರಲ್ಲೊಂದು ನೆರಳು ಎಡಕ್ಕೊಂದು, ಬಲಕ್ಕೊಂದು ಅಗಲವಾದ ತಿರುವು ತೆಗೆದುಕೊಂಡು, ನಿಧಾನಕ್ಕೆ, ಯಾರೋ ಉದ್ದದ ದಾರವನ್ನು ಸಡಿಲ ಬಿಟ್ಟಂತೆ ಇಳಿದು ಬಂತು. ಅಕ್ಕನ ಕೆಂಪು ಟೋಪಿ ಕಂಡಾಗಲೇ ನನಗೆ ಗುರುತು ಸಿಕ್ಕಿದ್ದು. ಕೂಗಿದೆ. ಅವಳಿಗೆ ಕೇಳಿಸಲಿಲ್ಲ. ನನ್ನ ಮುಂದೆಯೇ ದಾಟಿ ಹೋದಳು. ಬಾಯಿ ಸ್ವಲ್ಪ ತೆರೆದಿತ್ತು. ಸಮತಟ್ಟು ಬಂದಮೇಲೂ ಹಲಗೆ ತನ್ನಷ್ಟಕ್ಕೆ ಸಾಗಿ, ಸಾಗಿ, ಬಲೆಯ ಬೇಲಿಗೆ ಎರಡು ಮಾರು ಇರುವಾಗ ತಾನೇ ನಿಂತಿತು.

ಓಡಿದೆ. ಅವಳು ನಿಂತೇ ಇದ್ದಳು.

“ನಡುವೆ ಎಲ್ಲಾದ್ರೂ ನಿಂತ್ಯಾ?”

“ಇಲ್ಲ. ಮೋಡದೊಳಗೆ ಏನೂ ಕಾಣಲಿಲ್ಲ. ನಾನು ಹೋಗ್ತಿದ್ದೀನೋ, ಬೆಟ್ಟ ಹೋಗ್ತಿದೆಯೋ ತಿಳೀಲಿಲ್ಲ. ಮೂರು ಸಲ ಹೆದರಿದೆ. ಮೂರು ಸಲವೂ ಕಾಲು ಒತ್ತಿತು, ಹಲಗೆ ತಿರುಗಿತು.”

ಮೇಲೆ ಕುರ್ಚಿಗಳು ಒಮ್ಮೆ ಅಲುಗಾಡಿ ನಿಂತವು. ಪಟ್ಟಿ ಬಿಚ್ಚಲು ನಾನು ಬಗ್ಗಿದೆ.

ಅಕ್ಕ ನನ್ನ ಹೆಗಲು ಹಿಡಿದುಕೊಂಡಳು. “ಸ್ವಲ್ಪ ತಡಿಯೋ. ನೆಲ ಇನ್ನೂ ಹೋಗ್ತಾನೇ ಇದೆ.”