ಹಳ್ಳದ ಈಚೆಯ ತವರು

ನನ್ನ ಹೆಂಡತಿ ತವರಿಗೆ ಹೊರಡುವ ಹಿಂದಿನ ದಿನ ಭಾನುವಾರ. ಭದ್ರಾವತಿಯ ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ನನ್ನ ಕಾರ್ಖಾನೆಯ ಖಾಕಿ ಬಟ್ಟೆ ಒಣಹಾಕುತ್ತಿದ್ದಳು. ತುಂಬಿದ ಬಸುರಿ ಕೈ ಮೇಲೆತ್ತಬಾರದು ಎಂದು ನಾನು ಹೋಗಿ ಬಕೆಟ್ ಕಿತ್ತುಕೊಂಡೆ. ಬೇಲಿಯಾಚೆ ನಿಂತು ನೋಡುತ್ತಿದ್ದ ಪಕ್ಕದ ಮನೆಯ ತಮಿಳು ಅಕ್ಕ ಅವಳಿಗೆ ಹೇಳಿದರು.

"ನೀನು ಹೋಗು ಮಾರಾಯ್ತಿ. ನಿನ್ನ ಗಂಡ ದಿನಾ ಉಪ್ಪಿಟ್ಟು ತಿಂದು ಉಪ್ಪಿಟ್ಟಿನ ಥರಾನೇ ಆಗ್ತಾರೆ. ವಾಪಸ್ ಬಂದಾಗ ಗುರುತೇ ಸಿಗಲ್ಲ ನಿಂಗೆ."

ಅವಳು ನಕ್ಕಳು. ಮಧ್ಯಾಹ್ನ ಊಟ ಬಡಿಸುವಾಗ ಮಾತ್ರ, "ಆಸ್ಪತ್ರೆ ಇಲ್ಲೇ ತಿರುವಲ್ಲಿದೆ. ಇಲ್ಲೇ ಹೆತ್ರೆ ಆಗಲ್ವೇನ್ರೀ?" ಎಂದಳು. ಉತ್ತರ ಅವಳಿಗೂ ಗೊತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಗಂಡನ ಮನೆಯಲ್ಲಾದರೆ ತವರಿನವರು ತಲೆ ಎತ್ತುವ ಹಾಗಿಲ್ಲ. ನಮ್ಮ ಕಡೆ ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಮಾರನೆಯ ದಿನ ಅವಳ ಅಪ್ಪ ಅಮ್ಮ ಬಂದು, ಹೂವು ಮುಡಿಸಿ ಕರೆದುಕೊಂಡು ಹೋದರು.

ಅವಳ ಊರಿಗೆ ಬಸ್ಸು ಇಳಿದ ಮೇಲೂ ಕಾಡಿನ ನಡುವೆ ಗಾಡಿದಾರಿ. ಆ ದಾರಿಗೆ ಅಡ್ಡವಾಗಿ ಒಂದು ಹಳ್ಳ, ಸೇತುವೆ ಇರಲಿಲ್ಲ. ನರ್ಸು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಆಸ್ಪತ್ರೆಯ ಪಕ್ಕದಲ್ಲೇ ಇದ್ದವಳನ್ನು ಹೆರಿಗೆಗೆಂದು ಅಷ್ಟು ದೂರ ಕಳಿಸಿದ್ದೆವು. ಆಗ ಯಾರಿಗೂ ಅದು ಹಾಗೆ ಕಂಡಿರಲಿಲ್ಲ.

ಕಾರ್ಖಾನೆಯ ಗೇಟಿಗೆ ಫೋನ್ ಬಂದಾಗ ನಾನು ಬೆಳಗಿನ ಪಾಳಿಯಲ್ಲಿದ್ದೆ. ಶಿವಮೊಗ್ಗದ ಆಸ್ಪತ್ರೆಗೆ ಬರಬೇಕಂತೆ, ಅಷ್ಟೇ. ಬಸ್ಸು ಮಲವಗೊಪ್ಪದಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುವಾಗ ನಾನು ಮಗುವಿಗೆ ಹೆಸರು ಯೋಚಿಸುತ್ತಿದ್ದೆ.

ವಾರ್ಡಿನ ಹೊರಗೆ ಅತ್ತೆ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ ಮಗುವಿಗೆಂದು ಹಳೆಯ ಸೀರೆ ಹರಿದು ಮಾಡಿದ ಬಟ್ಟೆಗಳ ಗಂಟು. ಹೆರಿಗೆ ಕಷ್ಟವಾದಾಗ ಗಾಡಿ ಕಟ್ಟಿದ್ದರು. ಹಳ್ಳದ ನೀರು ಇಳಿಯಲೆಂದು ಕಾದರು, ರಸ್ತೆಗೆ ಬಂದು ಜೀಪಿಗಾಗಿ ಮತ್ತೆ ಕಾದರು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಸ್ಪತ್ರೆಗೆ ತಂದ ಸ್ವಲ್ಪ ಹೊತ್ತಿಗೆ ಅವಳೂ ಹೋಗಿದ್ದಳು. ಇಷ್ಟು ತಿಂಗಳು ಎಲ್ಲಿದ್ದರು ಎಂದು ಡಾಕ್ಟರು ಕೇಳಿದರು. ಭದ್ರಾವತಿ ಎಂದೆ.

ಆಮೇಲೆ ಪಾಳಿ ಮುಗಿಸಿ ಬಂದು ನಾನೇ ಬೀಗ ತೆಗೆಯುವುದು, ನಾನೇ ದೀಪ ಹಾಕುವುದು. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂಬ ಅಂದಾಜು ಬಹಳ ದಿನ ಸಿಗಲಿಲ್ಲ. ಕೊನೆಗೆ ಉಪ್ಪಿಟ್ಟೇ ಗಟ್ಟಿಯಾಯಿತು. ಪಕ್ಕದ ಮನೆಯ ಅಕ್ಕ ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಅವರ ಕಿರಿಯ ಮಗಳು, ತುಂಬಿದ ಬಸುರಿ. ಅತ್ತೆ ನನ್ನೊಡನೆ ನೇರವಾಗಿ ಮಾತಾಡುವವರಲ್ಲ. ಅಂದು ಮಾತಾಡಿದರು.

"ಇವಳ ಹೆರಿಗೆಗೆ ನಿಮ್ಮ ಮನೆ ಕೊಡ್ತೀರಾ? ಇವಳನ್ನ ಹಳ್ಳ ದಾಟಿಸಲ್ಲ ನಾನು. ನಾನಿದ್ದಲ್ಲೇ ಇವಳ ತವರು."

ನಾನು ಬಾಗಿಲಿನಿಂದ ಸರಿದು ನಿಂತೆ. ಹರಳೆಣ್ಣೆ, ಬೆಳ್ಳುಳ್ಳಿ, ಬಾಣಂತಿಯ ಲೇಹ, ಎಲ್ಲವನ್ನೂ ಊರಿನಿಂದಲೇ ಹೊತ್ತು ತಂದಿದ್ದರು. ಹೆರಿಗೆ ತಿರುವಿನ ಆಸ್ಪತ್ರೆಯಲ್ಲಿ ಆಯಿತು, ಬಾಣಂತನ ನಮ್ಮ ಮನೆಯಲ್ಲಿ. ಅತ್ತೆ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದರು. ನಾನು ಹೊರಗಿನ ವರಾಂಡದಲ್ಲಿ ಮಲಗುತ್ತಿದ್ದೆ. ಮಗು ಅತ್ತಾಗ ಎದ್ದು ರಸ್ತೆಯ ತಿರುವಿನ ತನಕ ನಡೆದು ಬರುತ್ತಿದ್ದೆ.

ಸುದ್ದಿ ಹಳ್ಳದಾಚೆ ಹೋಯಿತು. ಆ ಊರಿನ ಬಸುರಿಯರು ದಿನ ಹತ್ತಿರವಾದಾಗ ಒಬ್ಬೊಬ್ಬರಾಗಿ ಬರತೊಡಗಿದರು. ಅವರ ಜೊತೆಗೆ ಅವರವರ ಅಮ್ಮಂದಿರು, ಎಲ್ಲರ ಮುಂದೆ ನಮ್ಮ ಅತ್ತೆ. ಇದು ಕ್ವಾರ್ಟರ್ಸೋ ಹೆರಿಗೆ ವಾರ್ಡೋ ಎಂದು ಪಾಳಿಯ ಜೊತೆಗಾರರು ರೇಗಿಸುತ್ತಿದ್ದರು. ನಾನು ನಗುತ್ತಿದ್ದೆ. ಮನೆ ತುಂಬಿದ್ದಾಗಲೇ ನನಗೆ ಹೆಚ್ಚು ಒಂಟಿ ಅನ್ನಿಸುತ್ತಿದ್ದುದನ್ನು ಅವರಿಗೆ ಹೇಗೆ ಹೇಳುವುದು?

ಈಗ ಹಳ್ಳಕ್ಕೆ ಸೇತುವೆ ಆಗಿದೆ. ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಒಮ್ಮೊಮ್ಮೆ ತಡವಾಗಿ. ಹೆರಿಗೆಗೆಂದು ನಮ್ಮ ಮನೆಗೆ ಯಾರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬಚ್ಚಲಿನ ಗೋಡೆಯ ಮೇಲೆ ಎಣ್ಣೆಯ ಕಲೆ ಹಾಗೇ ಇದೆ. ಈ ಮನೆಯಿಂದ ಎಷ್ಟೋ ಬಾಣಂತಿಯರು ಮಗುವನ್ನು ಎತ್ತಿಕೊಂಡು ಊರಿಗೆ ಹೋದರು. ಅವಳ ಬಾಣಂತನ ಮಾತ್ರ ಇಲ್ಲಿ ಆಗಲಿಲ್ಲ.